ವಹಿ ಯಾರ ಮನ್ಯಾಗ ಅದ?

ಮಾರ್ಕೆಟ್ ಯಾರ್ಡಿನಿಂದ ತಂದ ಮೆಂತ್ಯೆ ಸೂಡು ಬಿಡಿಸುತ್ತ ಕಾಂಪೌಂಡ್ ಗೋಡೆಗೆ ಆತು ನಿಂತಿದ್ದೆ. ಆಚೆಯಿಂದ ವೈನಿ ಬಂದರು. ಹುಬ್ಬಳ್ಳಿಯವರು, ಪುಣೆಯ ಬಿಬವೇವಾಡಿಗೆ ನನಗಿಂತ ಹತ್ತು ವರ್ಷ ಹಳಬರು. ನಮ್ಮ ಸೊಸೈಟಿಗೆ ಅವರೇ ಸೆಕ್ರೆಟರಿ. ಇದು ಹನ್ನೊಂದನೇ ವರ್ಷ.

"ಈ ವರ್ಷರೆ ಯಾರಾದ್ರೂ ತಗೋರಿ ಅಂದ್ರ ಎಲ್ಲಾರೂ ನೆಲ ನೋಡ್ತಾರ ನೋಡ್ರಿ. ಮುಂದಾಳುಗಳನ್ನ ತಯಾರು ಮಾಡೋ ಶಿಬಿರ ಅಂತ ಈಗ ಎಲ್ಲಾ ಕಡೆ ನಡಸ್ತಾರ. ಎರಡು ದಿನ ಭಾಷಣ ಕೇಳಿದ್ರ ಮುಂದಾಳು ಆಗ್ತಾರೇನ್ರಿ?"

"ಭಾಷಣ ಕೇಳಿ ಆಗೂದಿಲ್ಲ ವೈನಿ, ಕೈಯಾಗ ಕೆಲಸ ಕೊಟ್ರ ಆಗ್ತಾರ. ನಿಮ್ಮ ಹುಬ್ಬಳ್ಳಿಯವರೇ ತೋರಿಸಿಕೊಟ್ಟಾರಲ್ಲ!"

ಹುಬ್ಬಳ್ಳಿಯ ಹರ್ಡೀಕರ ಡಾಕ್ಟರು ಸ್ವಯಂಸೇವಕರ ಸೇವಾದಳ ಕಟ್ಟಿದ್ದು 1923ರಲ್ಲಿ. ಅದೇ ವರ್ಷ ಉಮಾಬಾಯಿ ಕುಂದಾಪುರ ಗಂಡನನ್ನು ಕಳೆದುಕೊಂಡರು. ಆ ಕಾಲದಲ್ಲಿ ಅಂಥ ಹೆಣ್ಣುಮಗಳಿಗೆ ಮನೆಯ ಒಳಕೋಣೆಯೇ ಗತಿ. ಆದರೆ ಮಾವ ಆನಂದರಾಯರು ಸೊಸೆಯನ್ನು ಓದಿಸಿದವರು, ಕೆಲಸಕ್ಕೆ ಬಿಟ್ಟವರು. ಮರುವರ್ಷ, 1924ರಲ್ಲಿ, ಬೆಳಗಾವಿ ಕಾಂಗ್ರೆಸ್ಸು. ಗಾಂಧೀಜಿ ಅಧ್ಯಕ್ಷರಾದ ಅಧಿವೇಶನ ಅದೊಂದೇ. ಅದಕ್ಕೆ ಸೇವಾದಳದ ಪರವಾಗಿ ಉಮಾಬಾಯಿ ಊರೂರು ತಿರುಗಿ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು, ವಿಧವೆಯರೂ ಸೇರಿ. ಅಂಗಳ ದಾಟದವರನ್ನು ಅಷ್ಟು ದೊಡ್ಡ ಜಾತ್ರೆಯ ನಡುವೆ ನಿಲ್ಲಿಸಿ "ಇದು ನಿಮ್ಮ ಜವಾಬ್ದಾರಿ" ಅನ್ನುವುದೆಂದರೆ ಸಣ್ಣ ಮಾತೇ? ನನಗೆ ಅವರ ಜೈಲುವಾಸಕ್ಕಿಂತ ಇದು ದೊಡ್ಡದು ಅನ್ನಿಸುತ್ತದೆ. ಜೈಲಂತೂ ನಮ್ಮ ಪುಣೆಯದೇ: 1932ರಲ್ಲಿ ನಾಲ್ಕು ತಿಂಗಳು ಯರವಡಾ.

"ಕಸ್ತೂರಬಾ ತೀರಿಕೊಂಡದ್ದೂ ಇಲ್ಲೇ ಅಲ್ಲ, ಆಗಾಖಾನ್ ಅರಮನ್ಯಾಗ?" ಅಂದರು ವೈನಿ.

ಹೌದು, 1944ರಲ್ಲಿ. ಅವರ ಹೆಸರಿನ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಗಾಂಧೀಜಿ ಎರಡು ವರ್ಷದ ಮೇಲೆ ಒಪ್ಪಿಸಿದ್ದು ಉಮಾಬಾಯಿಗೇ. ಹಳ್ಳಿಯ ಹೆಣ್ಣುಮಕ್ಕಳನ್ನು ಗ್ರಾಮಸೇವಿಕೆಯರನ್ನಾಗಿ ತಯಾರು ಮಾಡುವ ಕೆಲಸ.

"ಅದೆಲ್ಲಾ ಆವಾಗಿನ ಮಂದೀ ಮಾತಾತು."

"ಈಗೂ ಅದರೀ. ದಿನಾ ಬಾಗಿಲಿಗೆ ಬಂದು ಒಣ ಕಚರಾ ಹಸಿ ಕಚರಾ ಬ್ಯಾರೆ ಮಾಡಿ ಒಯ್ತಾರಲ್ಲ, ಅವರನ್ನ ನೋಡ್ರಿ." ಕಸ ಆಯುವವರ ಸಂಘಟನೆ, ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್, ಈ ಊರಲ್ಲಿ ಹುಟ್ಟಿದ್ದು 1993ರಲ್ಲಿ. ಹಮಾಲರ ಮುಂದಾಳು ಬಾಬಾ ಆಢಾವರು ಬೆನ್ನಿಗೆ ನಿಂತರು, ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಶಿಕ್ಷಕಿಯರು ಜೊತೆಗೆ ತಿರುಗಿದರು. ಆದರೆ ಮುಂದೆ ಮಹಾನಗರಪಾಲಿಕೆಯೊಂದಿಗೆ ಕರಾರು ಮಾಡಿಕೊಂಡ 'ಸ್ವಚ್ಛ್' ಸಹಕಾರಿ ಸಂಸ್ಥೆಗೆ ಒಡೆಯರು ಕಸ ಆಯುವವರೇ. ಹೊರಗಿನವರು ಜೊತೆಗಿದ್ದರು, ಜಾಗ ಹಿಡಿದು ಕೂರಲಿಲ್ಲ. ಅದೇ ಕಷ್ಟದ ಕೆಲಸ.

ಅದರ ಕಷ್ಟ ನನಗೆ ಗೊತ್ತು. ಅಪ್ಪರ್ ಇಂದಿರಾನಗರದ ಬಚತ್ ಗಟದ, ಅಂದರೆ ಹೆಣ್ಣುಮಕ್ಕಳ ಉಳಿತಾಯ ಗುಂಪಿನ, ಲೆಕ್ಕ ಆರು ವರ್ಷ ನಾನೇ ಬರೆದೆ. ಹನ್ನೆರಡು ಜನ, ತಲೆಗೆ ತಿಂಗಳಿಗೆ 200 ರೂಪಾಯಿ. ಅಕ್ಷರ ಮುತ್ತಿನಂತಿರಲಿ, ಒಂದು ರೂಪಾಯಿ ಹೆಚ್ಚುಕಡಿಮೆ ಆಗದಿರಲಿ ಅಂತ ಯಾರ ಕೈಗೂ ಪೆನ್ನು ಕೊಡಲಿಲ್ಲ. ಹೋದ ವರ್ಷ ಮೊಣಕಾಲಿನ ಆಪರೇಶನ್ ಆಗಿ ಎರಡು ತಿಂಗಳು ಮಲಗಿದೆ. ಎರಡು ತಿಂಗಳೂ ಗಟ ಕೂಡಲೇ ಇಲ್ಲ. ನಾನು ಕಟ್ಟಿದ್ದೇನು ಹಾಗಾದರೆ, ಅಂತ ರಾತ್ರಿ ನಿದ್ದೆ ಬರಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ಗಟದ ಒಬ್ಬಳಿಗೆ ಲೆಕ್ಕದ ವಹಿ ಕೊಟ್ಟೆ. ಏಳನೇ ಇಯತ್ತೆ ಕಲಿತವಳು, ನಾಲ್ಕು ಮನೆಯ ಭಾಂಡೆ ತಿಕ್ಕುವವಳು. ಪೆನ್ನು ಎಷ್ಟು ಒತ್ತಿ ಬರೆದಳೆಂದರೆ ಹಿಂದಿನ ಹಾಳೆಯಲ್ಲೂ ಅಂಕಿ ಮೂಡಿತ್ತು. ಕೂಡಿಸಿದಾಗ ವಹಿಯಲ್ಲಿ 2600, ಡಬ್ಬಿಯಲ್ಲಿ 2400. ಎಲ್ಲರೂ ನನ್ನ ಮುಖ ನೋಡಿದರು. ತಪ್ಪು ಎಲ್ಲಿದೆ ಅಂತ ನನಗೆ ಕೂತಲ್ಲೇ ಕಾಣುತ್ತಿತ್ತು. ಎರಡೂ ಕೈ ಮಡಿಲಲ್ಲಿ ಬಿಗಿಹಿಡಿದು ಕೂತೆ. ಅವಳು ಬೆರಳಿಟ್ಟು ಒಂದೊಂದೇ ಹೆಸರು ಗಟ್ಟಿಯಾಗಿ ಓದಿದಳು. ತನ್ನ ಅತ್ತೆಯದು ಮೇಲೊಮ್ಮೆ, ಕೊನೆಗೊಮ್ಮೆ, ಎರಡು ಸಲ ಬಿದ್ದಿತ್ತು. ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದಳು. ಮುಂದಿನ ತಿಂಗಳು ಸಾಲದ ಕಂತು ಕಟ್ಟದವಳನ್ನು ಬದಿಗೆ ಕರೆದು ಮಾತಾಡಿದವಳೂ ಅವಳೇ. ನಾನು ಹೇಳಿರಲಿಲ್ಲ. ಆರು ವರ್ಷದಲ್ಲಿ ಆ ಮಾತು ಕೇಳುವ ಧೈರ್ಯ ನನಗೇ ಬಂದಿರಲಿಲ್ಲ.

ವೈನಿ ಗೋಡೆಯ ಮೇಲಿನ ಮೆಂತ್ಯೆ ದಂಟು ಕೂಡಿಸುತ್ತ ಸುಮ್ಮನಿದ್ದರು.

"ವೈನಿ, ಹನ್ನೊಂದು ವರ್ಷದಾಗ ಮೀಟಿಂಗಿನ ವಹಿ ಯಾರ ಕೈಯಾಗರೆ ಕೊಟ್ಟೀರೇನು?"

"ಯಾರಿಗೂ ಅಕ್ಷರ ಸುದ್ದ ಇಲ್ಲರೀ..." ಅಂದವರು ಅಲ್ಲಿಗೇ ನಿಲ್ಲಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ಶನಿವಾರ ನಿಮ್ಮ ಗಟಕ್ಕ ನಾನೂ ಬರ್ಲೇನು? ಆ ವಹಿ ಒಮ್ಮೆ ನೋಡಬೇಕು," ಅಂದರು.

"ಬರ್ರಿ ಬರ್ರಿ. ಆದ್ರ ವಹಿ ನನ್ನ ಹತ್ರ ಇಲ್ಲ, ಆಕಿ ಮನ್ಯಾಗ ಅದ. ತೋರಿಸ್ತೀಯೇನವ್ವಾ ಅಂತ ಆಕೀನ್ನೇ ಕೇಳಬೇಕು."