ರಾಡಿ ಬೇರೆ, ಹಾವಸೆ ಬೇರೆ

ಹಿತ್ತಲ ಕೊಳದ ನೀರು ಎರಡು ಬಗೆಯಲ್ಲಿ ಕೆಡುತ್ತದೆ. ಒಂದು ರಾಡಿ, ಅಂದರೆ ಮಣ್ಣಿನ ಕಣ ತೇಲುವುದು. ಇನ್ನೊಂದು ಹಾವಸೆ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹೆಚ್ಚಿ ನೀರೇ ಹಸಿರಾಗುವುದು. ಯಾದಗಿರಿ, ಶಹಾಪುರ, ಸುರಪುರದ ಹಿರಿಯರಿಗೆ ಮೊದಲನೆಯದರಲ್ಲಿ ತಲೆತಲಾಂತರದ ಪಾಂಡಿತ್ಯವಿದೆ. ಇಂಗ್ಲೆಂಡಿನ ಹಿತ್ತಲಲ್ಲಿ ಆಗುವುದು ಮಾತ್ರ ಎರಡನೆಯದು. ಲಂಡನ್ನಿನ ಹೊರವಲಯದಲ್ಲಿ ಮಗ ಮನೆ ಕೊಂಡು, ಮನೆಯ ಜೊತೆಗೆ ಹಳೆಯ ಮಾಲೀಕರ ಕೊಳವೂ ನಾಲ್ಕು ಕೋಯಿ ಮೀನೂ ಗಂಟುಬಿದ್ದು, ಏಪ್ರಿಲ್‌ನಲ್ಲಿ ಸುರಪುರದಿಂದ ತಂದೆ ತಾಯಿ ಆರು ತಿಂಗಳ ವೀಸಾ ಹಿಡಿದು ಬಂದಿಳಿದರೆ, ಜಗಳಕ್ಕೆ ಬೇರೆ ವಿಷಯ ಹುಡುಕಬೇಕಿಲ್ಲ.

ಆ ಊರುಗಳ ಎರೆಭೂಮಿಯ ಜೇಡಿ ಕಣಗಳು ಮೈಮೇಲೆ ಋಣ ವಿದ್ಯುದಂಶ ಹೊತ್ತಿರುತ್ತವೆ. ಒಂದನ್ನೊಂದು ದೂಡಿಕೊಳ್ಳುತ್ತ ದಿನಗಟ್ಟಲೆ ತೇಲುತ್ತವೆ, ಕೆಳಗೆ ಕೂರುವುದಿಲ್ಲ. ಕೊಡದ ಒಳಮೈಗೆ ಚಿಲ್ಲದ ಬೀಜ ತೇಯ್ದರೆ ಅದರ ಅಂಶ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಭಾರವಾದದ್ದು ತಳ ಹಿಡಿಯುತ್ತದೆ. ಸುಶ್ರುತ ಸಂಹಿತೆಯ ಕತಕ ಇದೇ ಬೀಜ. ಪಟಕವೂ ಅದೇ ಕೆಲಸ ಮಾಡುತ್ತದೆ. ಹೀಗಾಗಿ ಹಸಿರು ಕೊಳದ ಮುಂದೆ ನಿಂತ ತಂದೆಯ ಮೊದಲ ತೀರ್ಪು: “ಒಂದ್ ಪಟಕದ ಹಳ್ಳು ತಿರುವಿ ಬಿಡು, ಮುಂಜಾನಿ ಅನ್ನೂದ್ರಾಗ ಕನ್ನಡಿ ಆಗ್ತದ.” ಪಟಕ ಪಾಚಿಯನ್ನೂ ಇಳಿಸಬಲ್ಲದು, ಸುಳ್ಳಲ್ಲ. ಆದರೆ ಪ್ರಮಾಣ ಮೀರಿದರೆ ನೀರು ಹುಳಿಯಾಗುತ್ತದೆ, ಹುಳಿನೀರಿನಲ್ಲಿ ಅಲ್ಯುಮಿನಿಯಂ ಮೀನಿನ ಕಿವಿರಿಗೆ ವಿಷ. ಕೊಡದಲ್ಲಿ ಮೀನು ಸಾಕುವ ಪದ್ಧತಿ ಸುರಪುರದಲ್ಲಿ ಇಲ್ಲದ್ದರಿಂದ ಅಲ್ಲಿ ಈ ಪ್ರಶ್ನೆ ಎದ್ದಿರಲಿಲ್ಲ. ನುಗ್ಗೆಬೀಜವೂ ನೀರು ತಿಳಿಮಾಡುತ್ತದೆ, ಆದರೆ ಅದು ಗಿಡದಲ್ಲೇ ಬಲಿತು ಒಣಗಿರಬೇಕು. ಲಂಡನ್ನಿನ ಇಂಡಿಯನ್ ಅಂಗಡಿಯಲ್ಲಿ ಸಿಗುವುದು ಸಾರಿಗೆ ಹಾಕುವ ಕಾಯಿ.

ಪಾಚಿಗೆ ಬೇಕಾದದ್ದು ಬಿಸಿಲು ಮತ್ತು ಗೊಬ್ಬರ. ವಸಂತದಲ್ಲಿ ನೈದಿಲೆ ಎಲೆ ಬಿಡುವ ಮೊದಲೇ ಬಿಸಿಲು ನೀರಿಗಿಳಿಯುತ್ತದೆ. ಗೊಬ್ಬರ ತಾಯಿಯ ಕೈಯಿಂದ ಬರುತ್ತದೆ. ಮೀನಿಗೆ ಚುರುಮುರಿ ಹಾಕುವುದು ಪುಣ್ಯದ ಕೆಲಸ. ಮುಂಜಾನೆ ಒಂದು ಮುಷ್ಟಿ, ಸಂಜೆ ಒಂದು ಮುಷ್ಟಿ, ನಡುವೆ ಉಳಿದ ರೊಟ್ಟಿಯ ಚೂರು. ತಿಂದದ್ದೂ ತಿನ್ನದೆ ಕೊಳೆತದ್ದೂ ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಪಾಚಿಯ ಹೊಟ್ಟೆಗೆ. ಅತ್ತೆಯ ಪುಣ್ಯ ಹೀಗೆ ಮೂರು ಹಂತ ದಾಟಿ ಸೊಸೆಯ ಹಾವಸೆಯಾಗುತ್ತದೆ. ಕೆಲವು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು, ನೀರು 10 ಡಿಗ್ರಿಗಿಂತ ತಣ್ಣಗಾದರೆ ಹಾಕಲೇಬಾರದು ಎಂದು ಸೊಸೆ ಹೇಳಿದರೆ, “ಮೀನಿಗೂ ಏಕಾದಶಿ ಏನ್?” ಎಂಬ ಪ್ರಶ್ನೆ ಸಿದ್ಧ. ನಲ್ಲಿಯ ನೀರೂ ನಿರಪರಾಧಿಯಲ್ಲ. ಹಳೆಯ ಕೊಳವೆಯ ಸೀಸ ಕರಗಬಾರದೆಂದು ಬ್ರಿಟನ್ನಿನಲ್ಲಿ ಅದಕ್ಕೆ ಫಾಸ್ಫೇಟ್ ಸೇರಿಸುತ್ತಾರೆ.

ಪರಿಹಾರದಲ್ಲಿ ನೆರಳೇ ಮೇಲು. ಕೊಳದ ಅರ್ಧದಿಂದ ಮೂರನೇ ಎರಡು ಭಾಗ ನೈದಿಲೆ ಎಲೆ ಮುಚ್ಚಿದರೆ ಪಾಚಿ ಬಡವಾಗುತ್ತದೆ. ಅತಿನೇರಳೆ ದೀಪ ಪಾಚಿಯನ್ನು ಕೊಂದು ಮುದ್ದೆಗಟ್ಟಿಸುತ್ತದೆ, ಸೋಸುಗ ಅದನ್ನು ಹಿಡಿಯುತ್ತದೆ. ಸೋಸುಗದ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಆರರಿಂದ ಎಂಟು ವಾರ ಬೇಕು. ತಾಯಿ ಅದನ್ನು ನಲ್ಲಿಯ ಕೆಳಗೆ ತಿಕ್ಕಿ ಬೆಳ್ಳಗೆ ಮಾಡಲು ಹತ್ತು ನಿಮಿಷ ಸಾಕು. ನಲ್ಲಿಯ ಕ್ಲೋರಿನ್ನಿಗೆ ಅವೆಲ್ಲ ಬಲಿ. ತೊಳೆಯುವುದಿದ್ದರೆ ಕೊಳದ್ದೇ ನೀರಿನಲ್ಲಿ.

ಬಾರ್ಲಿ ಹುಲ್ಲನ್ನು ಬಲೆಚೀಲದಲ್ಲಿ ಕಟ್ಟಿ ತೇಲಿಬಿಡುವುದು ಇಂಗ್ಲೆಂಡಿನ ಪದ್ಧತಿ. ಅದು ಕೊಳೆಯುವಾಗ ಹೊಸ ಪಾಚಿ ಹುಟ್ಟದಂತೆ ತಡೆಯುತ್ತದೆ, ಇದ್ದದ್ದನ್ನು ಕೊಲ್ಲುವುದಿಲ್ಲ. ಎತ್ತಿಗೆ ಹಾಕುವ ಹುಲ್ಲಿಗೆ ಪೌಂಡ್ ಎಣಿಸಿದ್ದನ್ನು ಕಂಡ ತಂದೆ ಶಹಾಪುರದ ಬಣವೆಗಳ ಬೆಲೆ ಲೆಕ್ಕಹಾಕಿ ಆ ದಿನ ಊಟ ಬಿಟ್ಟರೆ ಆಶ್ಚರ್ಯವಿಲ್ಲ.

ಬೂದು ಬಕ ಬಂದಾಗ ಮಾತ್ರ ಅವರ ಮುಖ ಅರಳುತ್ತದೆ. ಅದು ಭಾರತದಲ್ಲೂ ಇರುವ ಹಕ್ಕಿ, ಸುರಪುರ ತಾಲ್ಲೂಕಿನ ಬೋನಾಳ ಕೆರೆಯೋ ಬಕಗಳ ನೆಲೆ. ಆ ಕೆರೆ 19ನೇ ಶತಮಾನದಲ್ಲಿ ಅಭಿವೃದ್ಧಿ ಕಂಡದ್ದು ಸುರಪುರ ಸಂಸ್ಥಾನದ ಆಡಳಿತ ನೋಡುತ್ತಿದ್ದ ಮೆಡೋಸ್ ಟೇಲರ್ ಕೈಯಲ್ಲಿ. ಆತ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ಲಿವರ್‌ಪೂಲಿನವನು ಸುರಪುರದ ಕೆರೆ ನೋಡಿಕೊಂಡ ಮೇಲೆ ಸುರಪುರದವರು ಇಂಗ್ಲೆಂಡಿನ ಕೊಳಕ್ಕೆ ಬುದ್ಧಿ ಹೇಳಬಾರದೇ? ಈ ವಾದ ಮುಗಿಯುವಷ್ಟರಲ್ಲಿ ಕೋಯಿ ಮೂರಾಗಿರುತ್ತವೆ. ಮೀನು ಕಡಿಮೆಯಾದರೆ ನೀರು ತಿಳಿಯಾಗುತ್ತದೆಂಬುದು ಶಾಸ್ತ್ರಸಮ್ಮತವೇ. ಮೊಮ್ಮಕ್ಕಳ ಮುಂದೆ ಅದನ್ನು ಹೇಳುವಂತಿಲ್ಲ.

ಚೌತಿಗೆ ಬಣ್ಣವಿಲ್ಲದ ಮಣ್ಣಿನ ಗಣಪ ಕೊಳಕ್ಕಿಳಿಯುತ್ತಾನೆ. ಕಡೆಗೂ ಅಲ್ಲಿ ನಿಜವಾದ ರಾಡಿ ಏಳುತ್ತದೆ. ಲಂಡನ್ನಿನ ಗಡುಸು ನೀರಿನಲ್ಲಿ ಸುಣ್ಣದಂಶ ಹೆಚ್ಚು. ಅದೇ ಜೇಡಿ ಕಣಗಳನ್ನು ಮುದ್ದೆಗಟ್ಟಿಸಿ ಬೇಗ ಕೆಳಗಿಳಿಸುತ್ತದೆ. ಮೀನುಗಳಿಗೆ ಎರಡು ದಿನ ಚುರುಮುರಿ ನಿಲ್ಲಿಸಿ, ಯಾರೂ ಕೈಹಾಕದೆ ಬಿಟ್ಟರೆ ಸಾಕು. ಸುರಪುರಕ್ಕೆ ಹೋಗುವ ಫೋನಿನಲ್ಲಿ ಸುಣ್ಣದ ಸುದ್ದಿ ಇರುವುದಿಲ್ಲ: “ಆರ್ ತಿಂಗಳಿಂದ ಇವರ ಕೈಲಿ ಆಗಿರ್ಲಿಲ್ಲ. ನಾ ನಿಂತು ಮಾಡಿಸ್ದೆ, ತಿಳಿ ಆತು.”