ಜೀವಾಮೃತದ ಸಾರ್

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಯಾವ ಹಳ್ಳಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಸೊಂಟ ಸವೆಸಿ, ಎರಡೋ ಮೂರೋ ಎಕರೆ ಕೊಂಡು, ಬೇಲಿ ಹಾಕಿಸಿ, ಗೇಟಿಗೊಂದು ಸಂಸ್ಕೃತದ ಹೆಸರು ಬರೆಸಿದವರು. ಆ ಹೆಸರು ಊರಿನವರ ನಾಲಿಗೆಗೆ ಹೊರಳದು. ಎಲ್ಲರಿಗೂ ಅವರು ‘ಜೀವಾಮೃತದ ಸಾರ್’.

‘ಈ ಸಲ ಏನ್ ಹಾಕಿದ್ದೀರಿ ಸಾರ್?’ ಎಂದು ಯಾರಾದರೂ ಕೇಳಿದರೆ, ‘ಮೊದಲು ಮಣ್ಣು ಏಳಬೇಕು’ ಎನ್ನುತ್ತಾರೆ. ಅದು ಎದ್ದು ಎಲ್ಲಿಗೆ ಹೋಗುತ್ತದೋ ಊರಿಗೆ ಇನ್ನೂ ತಿಳಿದಿಲ್ಲ.

ನೈಸರ್ಗಿಕ ಕೃಷಿಯ ಪಾಲೇಕರ್ ಹೇಳಿದ ಜೀವಾಮೃತದ ಲೆಕ್ಕ ಸಾರ್‌ಗೆ ಸುಪ್ರಭಾತದಷ್ಟು ಬಾಯಿಪಾಠ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಿನಲ್ಲಿ 48 ಗಂಟೆ ಕೊಳೆಯಬೇಕು. ಅದು ಒಂದು ಎಕರೆಯ ಲೆಕ್ಕ. ಸಾರ್ ಅದನ್ನು 12 ಕುಂಡಗಳಿಗೆಂದು ಕಲಸಿಟ್ಟಿದ್ದಾರೆ. ಬೆಳಗ್ಗೆ ಸಂಜೆ ಕೋಲಿನಿಂದ ಬಲಕ್ಕೇ ತಿರುವಬೇಕು. ಒಂದು ದಿನ ಆಳು ಎಡಕ್ಕೆ ತಿರುವಿದನೆಂದು ಇಡೀ ಡ್ರಮ್ಮನ್ನು ಬೇಲಿ ಪಕ್ಕ ಚೆಲ್ಲಿಸಿದರು. ಇವತ್ತಿಗೂ ತೋಟದಲ್ಲಿ ಹಸಿರಾಗಿ ಕಾಣುವುದು ಆ ಜಾಗವೊಂದೇ. ಪಕ್ಕದವರು ಅಲ್ಲಿಂದ ದಿನಾ ಹುಲ್ಲು ಕೊಯ್ದುಕೊಂಡು ಹೋಗುತ್ತಾರೆ.

ಸಗಣಿ ನಾಟಿ ಹಸುವಿನದೇ ಆಗಬೇಕು ಎನ್ನುವುದು ಇನ್ನೊಂದು ಕಟ್ಟು. ಊರಿನಲ್ಲಿ ಇರುವುದೋ ಬಹುಪಾಲು ಡೇರಿಗೆ ಹಾಲೆರೆಯುವ ಸೀಮೆಹಸು. ಸಾರ್ ಒಂದು ಕಪ್ಪುಬಿಳಿ ಹಸುವಿನ ಬೆನ್ನ ಮೇಲೆ ಹಿಣಿಲು ಹುಡುಕುತ್ತಾ, ‘ಇದು ನಾಟಿನೇನಮ್ಮ?’ ಎಂದರು.

‘ಅಯ್ಯೋ, ಇದೇ ಕೊಟ್ಟಿಗೇಲಿ ಹುಟ್ಟಿ ಬೆಳೆದಿರೋದು ಕಣ್ ಸ್ವಾಮಿ. ಇನ್ನೆಷ್ಟು ನಾಟಿ ಬೇಕು?’ ಎಂದಳು ಅಜ್ಜಿ.

ಅಲ್ಲಿಯವರೆಗೆ ಮೋರಿಗೆ ಹರಿಯುತ್ತಿದ್ದ ಗಂಜಲಕ್ಕೆ ಅಂದಿನಿಂದ ಲೀಟರಿನ ಲೆಕ್ಕದಲ್ಲಿ ದರ ಬಂತು. ಬಂದ ದುಡ್ಡಿನಲ್ಲಿ ಅಜ್ಜಿಯ ಮಗ ರಾಗಿಗೆ ಡಿಎಪಿ ತಂದು ಹಾಕಿದ. ಸಾವಯವ ಕೃಷಿಯಿಂದ ರೈತನಿಗೆ ಲಾಭವಿಲ್ಲ ಎನ್ನುವವರು ಈ ಮನೆಯನ್ನೊಮ್ಮೆ ನೋಡಬೇಕು.

ಕುಂಡದ ಮಣ್ಣು ಬೆರೆಸುವುದಂತೂ ಅಂತರ ತಾಲ್ಲೂಕು ಯೋಜನೆ. ಶಿರಾ ಕಡೆಯಿಂದ ಕೆರೆಗೋಡು, ಪಾವಗಡದಿಂದ ಕುರಿ ಹಿಕ್ಕೆ, ಕೊರಟಗೆರೆಯಿಂದ ಹೊಂಗೆ ಹಿಂಡಿ, ತಿಪಟೂರಿನಿಂದ ತೆಂಗಿನ ನಾರಿನ ಪುಡಿ. ‘ಇಷ್ಟೆಲ್ಲಾ ಯಾಕ್ ಸಾರ್, ಒಂದೆರಡು ರಾತ್ರಿ ಕುರಿ ಮಂದೆ ತರುಬಿಸಿ, ಹೊಲವೇ ಗೊಬ್ಬರವಾಗುತ್ತೆ’ ಎಂದು ಯಾರೋ ಒಬ್ಬ ಕುರಿಯವನನ್ನು ಕರೆತಂದರು. ಸಾರ್ ಡೈರಿ ತೆಗೆದು, ‘ಕುರಿಗಳು ಏನು ಮೇಯ್ತವೆ? ಇಂಗಾಲಕ್ಕೂ ಸಾರಜನಕಕ್ಕೂ 30ಕ್ಕೆ 1 ಬರುತ್ತಾ?’ ಎಂದರು. ಕುರಿಯವನು ಕಂಬಳಿ ಹೆಗಲಿಗೆ ಹಾಕಿಕೊಂಡು, ‘ಕೇಳ್ಕಂಡ್ ಬತ್ತೀನಿ’ ಎಂದು ಹೋದವನು ಈ ದಿಕ್ಕಿಗೆ ತಲೆ ಹಾಕಿಲ್ಲ.

ಕೊನೆಗೂ ಮಣ್ಣು ಎದ್ದಿತು. ಸಾರ್ ಅದರಲ್ಲಿ ಬಿತ್ತಿದ್ದು ಅಜ್ಜಿ ಕೊಟ್ಟ ಪುಂಡಿ ಬೀಜ. ಪಾವಗಡದ ತೆಲುಗು ಮಾತಿನಲ್ಲಿ ಗೋಂಗೂರ, ಹೊಲದ ಬದುವಿನಲ್ಲಿ ಯಾರೂ ಕೇಳದೆ ಬೆಳೆಯುವ ಸೊಪ್ಪು. ಅದರ ಬೆರಳು ಬಿಡಿಸಿದಂಥ ಎಲೆ ಗಾಂಜಾ ಎಲೆಯನ್ನೇ ಹೋಲುತ್ತದೆ. ಸಸ್ಯಶಾಸ್ತ್ರದವರೂ ಅದನ್ನು ‘ಹೈಬಿಸ್ಕಸ್ ಕ್ಯಾನಬಿನಸ್’ ಎಂದು ಕರೆದಿದ್ದಾರೆ. ಬೇಲಿಯಾಚೆಯಿಂದ ಕಂಡವರು ಯಾರೋ ಸುದ್ದಿ ಮುಟ್ಟಿಸಿದರು. ಪೇದೆ ಬಂದ.

ಅವನ ಅನುಮಾನಕ್ಕೆ ಎಲೆಗಿಂತ ಉಪಚಾರವೇ ದೊಡ್ಡ ಸಾಕ್ಷಿ. ನೆರಳು ಪರದೆ, ಕುಂಡಕ್ಕೊಂದು ನಂಬರು, ರಾತ್ರಿ ಟಾರ್ಚ್ ಹಿಡಿದು ಮಣ್ಣು ಮೂಸುವ ಯಜಮಾನ. ‘ಕಾನೂನಿಗೆ ಒಪ್ಪೋ ಬೆಳೆಗೆ ಯಾರ್ ಸಾರ್ ಇಷ್ಟು ಮಾಡ್ತಾರೆ? 1985ರ ಮಾದಕವಸ್ತು ಕಾಯ್ದೆ ಗೊತ್ತಲ್ಲ?’

ಸಾರ್‌ಗೆ ಕೊನೆಗೂ ಒಬ್ಬ ಶ್ರೋತೃ ಸಿಕ್ಕಿದ್ದ. ಎಲೆ ಬಿಟ್ಟು ಬೇರಿನಿಂದ ಶುರು ಮಾಡಿದರು. ಎರೆಹುಳು, ಹ್ಯೂಮಸ್, ರಸಸಾರ, ಡ್ರಮ್ಮಿನ ಮುಚ್ಚಳ ತೆಗೆದು ವಾಸನೆಯ ಪಾಠ. ಪೇದೆ ಒಂದು ಎಲೆ ಕಿತ್ತು ಅಗಿದ, ಹುಳಿ. ಪುಂಡಿ ಎಂದು ಅವನಿಗೆ ಖಾತ್ರಿಯಾಯಿತು. ಆದರೆ ಸಾರ್ ಇನ್ನೂ ಮೂರನೇ ಕುಂಡದಲ್ಲೇ ಇದ್ದರು. ಬಿಸಿಲು ನೆತ್ತಿಗೇರಿದಾಗ ಪೇದೆ ಟೋಪಿ ಸರಿಮಾಡಿಕೊಂಡು ಹೇಳಿದ:

‘ಗಾಂಜಾನೇ ಆಗಿದ್ರೆ ಇಷ್ಟೊತ್ತಿಗೆ ಪಂಚನಾಮೆ ಮುಗಿಸಿ ಊಟಕ್ಕೆ ಹೋಗ್ತಿದ್ದೆ ಸಾರ್.’