ಬಾಟಲಿ ರಾಯರು

ನಮ್ಮ ಮೈಸೂರಿನ ಬಡಾವಣೆಗೆ ಹೊಸದಾಗಿ ಬಂದವರು ‘ಬಾಟಲಿ ರಾಯರು’ ಎಂಬ ಹೆಸರು ಕೇಳಿ ‘ಅಯ್ಯೋ, ಪಾಪ’ ಎನ್ನುತ್ತಾರೆ. ರಾಯರು ಕುಡಿಯುವುದು ಸಕ್ಕರೆಯಿಲ್ಲದ ಕಾಫಿ. ಕೂಡಿಡುವುದು ಮಾತ್ರ ಹಳೆಯ ಸೋಡಾ, ಕೋಲಾ ಬುಡ್ಡಿಗಳನ್ನು.

ಅವರನ್ನು ಗುಜರಿ ಅಂಗಡಿಯಲ್ಲಿ ನೋಡಬೇಕು. ಕಣ್ಣು ಗೋಲಿ ಸೋಡಾ ಬುಡ್ಡಿಯ ಮೇಲೆ, ವಿಚಾರಣೆ ತುಕ್ಕು ಹಿಡಿದ ಸ್ಟವ್‌ನದು. ಆಮೇಲೆ, “ಇದೇನಯ್ಯಾ, ಇದನ್ನೂ ಮಾರ್ತೀಯಾ?” ಎಂದು ಉದಾಸೀನವಾಗಿ ಎತ್ತಿಕೊಳ್ಳುತ್ತಾರೆ. ಹೆಬ್ಬೆರಳು ತಾನಾಗಿಯೇ ಬಾಯೊಳಗೆ ಹೋಗಿ ರಬ್ಬರ್ ಬಳೆ ಇದೆಯೇ ಎಂದು ತಡವುತ್ತದೆ. ಕಿವಿಯ ಹತ್ತಿರ ಹಿಡಿದು ಗೋಲಿ ಕುಲುಕಿಸುತ್ತಾರೆ. ಅಲ್ಲಿಗೆ ಗುಟ್ಟು ರಟ್ಟು.

“ಐನೂರು ಸಾರ್. ಹೈರಮ್ ಕಾಡ್ ಮಾಡಲ್ಲು.”

ಆ ಹೆಸರು ಗುಜರಿಯವನಿಗೆ ಹೇಳಿಕೊಟ್ಟವರು ರಾಯರೇ. ಕಾಡ್ ಈ ಗೋಲಿ ಬುಡ್ಡಿಗೆ 1872ರಲ್ಲಿ ಪೇಟೆಂಟ್ ಪಡೆದ ಇಂಗ್ಲೆಂಡಿನವ. ಬುಡ್ಡಿ ತಲೆಕೆಳಗು ಮಾಡಿ ತುಂಬಿಸಿದರೆ ಗ್ಯಾಸೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುತ್ತದೆ ಎಂದೆಲ್ಲ ಅಲ್ಲೇ ನಿಂತು ಪಾಠ ಮಾಡಿದ್ದರು. ಗುರುದಕ್ಷಿಣೆ ಮಾತ್ರ ಗುರುವೇ ಕೊಡಬೇಕಾಗಿದೆ. ಆ ಕಾಲದ ಇಂಗ್ಲೆಂಡಿನ ಹುಡುಗರು ಗೋಲಿಯ ಆಸೆಗೆ ಬುಡ್ಡಿ ಒಡೆಯುತ್ತಿದ್ದರೆಂಬ ಸಿಟ್ಟನ್ನು ಅವರು ಈಗ ಪಕ್ಕದ ಮನೆಯ ಕ್ರಿಕೆಟ್ ಹುಡುಗರ ಮೇಲೆ ತೀರಿಸಿಕೊಳ್ಳುತ್ತಾರೆ.

ಗಾಜಿನ ಬೀರುವಿನಲ್ಲಿ ಒಂದು ಹ್ಯಾಮಿಲ್ಟನ್ ಬುಡ್ಡಿ ಇದೆ. ತಳ ಮೊಟ್ಟೆಯಾಕಾರ, ನಿಲ್ಲುವುದಿಲ್ಲ. ಮಲಗಿಸಿಟ್ಟರೆ ಬಿರಡೆ ಒಣಗದೆ ಗ್ಯಾಸ್ ಉಳಿಯುತ್ತದೆ ಎಂಬ ಉಪಾಯ. “ಅದಕ್ಕೆ ಹತ್ತಿಯ ಹಾಸಿಗೆ, ನಮ್ಮಣ್ಣ ಬಂದರೆ ಚಾಪೆ” ಎಂಬುದು ಮನೆಯವರ ಟೀಕೆ.

ಆದರೆ ರಾಯರ ಗಂಟಲು ಕಟ್ಟುವುದು 1977ರ ವಿಷಯ ಬಂದಾಗ. ಕೋಕಾ ಕೋಲಾ ದೇಶ ಬಿಟ್ಟಿತು, ಸರ್ಕಾರವೇ ‘77’ ಎಂಬ ಕೋಲಾ ತಂದಿತು. “ಅದರ ಸೂತ್ರ ತಯಾರಾದದ್ದು ನಮ್ಮ ಸಿಎಫ್‌ಟಿಆರ್‌ಐನಲ್ಲಿ ಕಣ್ರೀ!” ಆ ಆಹಾರ ಸಂಶೋಧನಾ ಸಂಸ್ಥೆಯಿರುವ ಚೆಲುವಾಂಬ ಮ್ಯಾನ್ಶನ್ ಮುಂದೆ ಹಾದಾಗಲೆಲ್ಲ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ. “ಆ ಕೋಲಾ ಓಡಲಿಲ್ಲವಲ್ಲ?” ಎಂದ ನೆಂಟನಿಗೆ ಆಮೇಲೆ ಹಬ್ಬದ ಕರೆ ಹೋಗಿಲ್ಲ.

ಇಷ್ಟಾಗಿಯೂ ‘77’ರ ಒಂದು ಬುಡ್ಡಿ ಅವರ ಬಳಿ ಇಲ್ಲ. ಮಗನಿಗೆ ಹೆಣ್ಣು ನೋಡಲು ಹೋದಾಗ, ಹುಡುಗಿಯ ತಾತ ಸೋಡಾ ಅಂಗಡಿ ಇಟ್ಟಿದ್ದರೆಂದು ತಿಳಿದದ್ದೇ ತಡ, ರಾಯರು ಜಾತಕ ಪಕ್ಕಕ್ಕಿಟ್ಟು “ಸ್ವಲ್ಪ ಅಟ್ಟ ತೋರಿಸ್ತೀರಾ?” ಎಂದರು. ಹುಡುಗಿ ಹಾಡಿದಳೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಅಟ್ಟದಲ್ಲಿದ್ದದ್ದು ಎರಡು ಗೋಲ್ಡ್ ಸ್ಪಾಟ್ ಬುಡ್ಡಿ, ಒಂದರ ಬಾಯಿ ಚಕ್ಕೆಯೆದ್ದಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.